ಊರಿನ ಕಲ್ಲು, ಹಕ್ಕಿ, ಹೊಲದ ಹೆಸರು: ಮೊಬೈಲಿನಲ್ಲಿ ದಾಖಲಿಸುವ ಬಗೆ

ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿಯ ಬಲಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಜಮೀನು ಇವತ್ತು ಸೌರ ಫಲಕಗಳ ಕೆಳಗಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ‘ಶಕ್ತಿ ಸ್ಥಳ’ ಸೋಲಾರ್ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಇಲ್ಲಿ ಸರ್ಕಾರ ಭೂಸ್ವಾಧೀನ ಮಾಡಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಬಾಡಿಗೆಗೆ, 28 ವರ್ಷದ ಗುತ್ತಿಗೆಗೆ ತೆಗೆದುಕೊಂಡಿತು. ಪಹಣಿ ಈಗಲೂ ರೈತರ ಹೆಸರಿನಲ್ಲೇ ಇದೆ. ಗುತ್ತಿಗೆ ಮುಗಿಯುವುದು 2040ರ ದಶಕದಲ್ಲಿ. ಆಗ ಆ ಹೊಲಗಳಿಗೆ ಕಾಲಿಡುವವರು ಇವತ್ತು ಪ್ರೈಮರಿ ಶಾಲೆಯಲ್ಲಿ ಕೂತಿರುವ ಮಕ್ಕಳು.

ಆ ಮಕ್ಕಳಿಗೆ ಪಹಣಿಯಲ್ಲಿ ಸರ್ವೆ ನಂಬರು ಸಿಗುತ್ತದೆ, ಎಕರೆ ಗುಂಟೆ ಸಿಗುತ್ತದೆ. ಯಾವ ಹೊಲವನ್ನು ಊರವರು ಏನೆಂದು ಕರೆಯುತ್ತಿದ್ದರು, ಯಾವ ಬದುವಿನಲ್ಲಿ ಮುನಿಯಪ್ಪನ ಕಲ್ಲು ಇತ್ತು, ಕಡಲೆಕಾಯಿ ಕೀಳುವ ಕಾಲಕ್ಕೆ ಕೂಲಿಯವರು ಯಾವ ಮರದ ಕೆಳಗೆ ಉಣ್ಣುತ್ತಿದ್ದರು, ಕುರಿಮಂದೆ ಯಾವ ಜಾಡಿನಲ್ಲಿ ಕೆರೆಗೆ ಇಳಿಯುತ್ತಿತ್ತು, ಇದು ಯಾವ ದಾಖಲೆಯಲ್ಲೂ ಇಲ್ಲ. ಇರುವುದು ಅರವತ್ತು ಎಪ್ಪತ್ತು ದಾಟಿದವರ ನೆನಪಿನಲ್ಲಿ ಮಾತ್ರ. ಸೋಲಾರ್ ಬೇಕಿತ್ತೋ ಬೇಡವೋ ಎಂಬ ವಾದ ಬೇರೆ. ಬಂದಿರುವುದು ನಿಜ, ಬಾಡಿಗೆಯಿಂದ ಮಳೆ ನಂಬದೆ ಬದುಕುವ ದಾರಿ ಕೆಲವರಿಗೆ ಸಿಕ್ಕಿರುವುದೂ ನಿಜ. ಆ ನೆನಪುಗಳನ್ನು ಬರೆದಿಡುವ ಕೆಲಸ ಮಾತ್ರ ಬಾಕಿ ಇದೆ, ಅದಕ್ಕೆ ಉಳಿದಿರುವ ಕಾಲ ಕಡಿಮೆ.

ಈ ಲೇಖನ ಆ ಕೆಲಸದ ಬಗ್ಗೆ. ಪಾವಗಡದ ಬಲಸಮುದ್ರದಿಂದ ಶುರು ಮಾಡಿ ಶಿರಾ, ಮಧುಗಿರಿ, ಕೊರಟಗೆರೆಯವರೆಗೆ ಈ ನಾಲ್ಕು ತಾಲ್ಲೂಕಿನ ಯಾವ ಊರಿನವರಾದರೂ ಕೈಯಲ್ಲಿರುವ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ, ಖರ್ಚಿಲ್ಲದೆ ಮಾಡಬಹುದಾದದ್ದನ್ನು ಇಲ್ಲಿ ಹೇಳಿದ್ದೇನೆ.

ಮೊದಲು ಒಂದು ಮಾತು. ದಾಖಲಿಸುವುದು ಒಂದು ಕೆಲಸ, ಪ್ರಚಾರ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡು ಫೋಟೊ ತೆಗೆದ ಕ್ಷಣವೇ ಫೇಸ್‌ಬುಕ್ಕಿಗೆ ಹಾಕುವುದರಿಂದ ಅನಾಹುತಗಳಾಗುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಗೆ, ಶಿರಾದ ಜುಮ್ಮಾ ಮಸೀದಿಗೆ, ಮಲಿಕ್ ರಿಹಾನ್ ದರ್ಗಾಕ್ಕೆ ಪ್ರಚಾರ ಬೇಕು. 1687ರಿಂದ ಮೊಗಲರ ಸುಬಾ ಒಂದರ ರಾಜಧಾನಿಯಾಗಿದ್ದ ಶಿರಾ ಇವತ್ತು ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲಿಸುವ ಊರು ಎಂದಷ್ಟೇ ಬಹಳ ಜನಕ್ಕೆ ಗೊತ್ತು. ಆದರೆ ಹೊಲದ ನಡುವೆ ಒಂಟಿಯಾಗಿ ನಿಂತ ವೀರಗಲ್ಲಿಗೆ ಪ್ರಚಾರ ಕೊಟ್ಟರೆ ಮೊದಲು ಬರುವವರು ನಿಧಿಗಳ್ಳರು. ಆದ್ದರಿಂದ ದಾಖಲೆ ಎಲ್ಲದಕ್ಕೂ ಆಗಲಿ, ಪ್ರಚಾರ ಆಯ್ದವಕ್ಕೆ ಮಾತ್ರ ಸಿಗಲಿ.

ಇನ್ನೊಂದು ಮಾತು ಹುಮ್ಮಸ್ಸಿನ ಯುವಕರಿಗೆ, ಕಾಲೇಜಿನವರಿಗೆ. ‘ನಮ್ಮ ಊರಿನ ಆ್ಯಪ್’ ಎಂದು ಹೊಸದೊಂದನ್ನು ಕಟ್ಟಿಸಲು ಹೋಗಬೇಡಿ. ಫೋನುಗಳ ತಂತ್ರಾಂಶ ವರ್ಷ ವರ್ಷ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಆ್ಯಪ್ ತಿದ್ದುವವರಿಲ್ಲದಿದ್ದರೆ ಎರಡು ಮೂರು ವರ್ಷದಲ್ಲಿ ತೆರೆಯುವುದೇ ಇಲ್ಲ, ಒಳಗೆ ಹಾಕಿದ್ದೂ ಅದರ ಜೊತೆ ಹೋಗುತ್ತದೆ. ಜಗತ್ತಿನಲ್ಲಿ ಲಕ್ಷಾಂತರ ಜನ ಬಳಸುವ, ದೊಡ್ಡ ಸಂಸ್ಥೆಗಳು ನಡೆಸುವ ಆ್ಯಪ್‌ಗಳೇ ಸಾಕು.

ಹೊಲಗಳ ಹೆಸರು

ಗೂಗಲ್ ಅರ್ಥ್ ಆ್ಯಪ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ನೋಡುವ ಸೌಲಭ್ಯ ಫೋನಿಗೂ ಬಂದಿದೆ. ನಾಗಲಮಡಿಕೆ ಹೋಬಳಿಯನ್ನು ತೆರೆದು, ಕಾಲಪಟ್ಟಿಯನ್ನು 2016ಕ್ಕಿಂತ ಹಿಂದಕ್ಕೆ ಸರಿಸಿದರೆ ನೀಲಿ ಫಲಕಗಳೆಲ್ಲ ಮಾಯವಾಗಿ ಹಳೆಯ ಹೊಲ, ಬದು, ಬಾವಿ, ಕಾಲುದಾರಿ ಕಾಣುತ್ತವೆ. ಇದನ್ನು ಹಿರಿಯರೊಬ್ಬರ ಮುಂದಿಟ್ಟು ನೋಡಿ. ಚಿಕ್ಕ ಫೋನಿಗಿಂತ ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ವಯಸ್ಸಾದವರ ಕಣ್ಣಿಗೆ ಅನುಕೂಲ. ಮೇಲಿಂದ ನೋಡಿದ ಚಿತ್ರ ಮೊದಲಿಗೆ ಅವರಿಗೆ ಗುರುತು ಹತ್ತುವುದಿಲ್ಲ. ಕೆರೆ ಏರಿ ಯಾವುದು, ಊರ ಬಾಗಿಲು ಯಾವ ಕಡೆ, ದೇವಸ್ಥಾನ ಎಲ್ಲಿ ಎಂದು ತೋರಿಸಿ ದಿಕ್ಕು ಕೂಡಿಸಿಕೊಟ್ಟರೆ ಸಾಕು. ಆಮೇಲೆ ಅವರ ಬೆರಳೇ ಬದುವಿನಿಂದ ಬದುವಿಗೆ ಓಡುತ್ತದೆ. “ಇದು ನಮ್ಮ ದೊಡ್ಡಪ್ಪನ ಭಾಗಕ್ಕೆ ಬಂದಿದ್ದು, ಇಲ್ಲಿ ಹಳ್ಳ ತಿರುಗುತ್ತಿತ್ತು, ಈ ಮೂಲೆಯಲ್ಲಿ ಮಳೆರಾಯನ ಪೂಜೆ ಮಾಡುತ್ತಿದ್ದೆವು” ಎಂದು ಮಾತು ಬರುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಫೋನು ಧ್ವನಿ ಮುದ್ರಿಸುತ್ತಿರಲಿ. ಅವರು ಬೆರಳಿಟ್ಟ ಜಾಗಕ್ಕೆ ನೀವು ಗುರುತಿನ ಪಿನ್ ಹಾಕಿ, ಅವರು ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆಯಿರಿ. ಪಾವಗಡದ ಗಡಿ ಊರುಗಳಲ್ಲಿ ಹೆಸರು ತೆಲುಗಿನಲ್ಲಿ ಬಂದರೆ ತೆಲುಗಿನಲ್ಲೇ ಇರಲಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ತಿದ್ದಿ ಶುದ್ಧ ಮಾಡಬೇಡಿ.

ಇದರ ಜೊತೆಗೆ ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಇಟ್ಟುಕೊಳ್ಳಿ. ಜಮೀನು ಕೊಳ್ಳುವವರಿಗೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ನಿಂತ ಜಾಗದ ಸರ್ವೆ ನಂಬರನ್ನು ನಕ್ಷೆಯ ಮೇಲೆ ತೋರಿಸುತ್ತದೆ. ಪರಂಪರೆಯ ಕೆಲಸಕ್ಕೂ ಇದಕ್ಕಿಂತ ಉಪಯೋಗದ ಸರ್ಕಾರಿ ಆ್ಯಪ್ ಇಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಕಲ್ಯಾಣಿಯೋ ಗುಂಡುತೋಪೋ ಖಾಸಗಿ ಹಿಡುವಳಿಯಲ್ಲಿದೆಯೋ, ಗೋಮಾಳದಲ್ಲಿದೆಯೋ, ಕೆರೆ ಅಂಗಳದಲ್ಲಿದೆಯೋ ಎಂಬುದು ಗೊತ್ತಾದರೆ ಮುಂದೆ ಯಾರಿಗೆ ಅರ್ಜಿ ಕೊಡಬೇಕು ಎಂಬುದೂ ಗೊತ್ತಾಗುತ್ತದೆ. ‘ಕೆರೆ ಹತ್ತಿರ ಒಂದು ಕಲ್ಲು’ ಎಂದು ಬರೆದ ಅರ್ಜಿಯನ್ನು ತಾಲ್ಲೂಕು ಕಚೇರಿಯಲ್ಲಿ ಯಾರೂ ಮುಟ್ಟುವುದಿಲ್ಲ, ಸರ್ವೆ ನಂಬರು ಹಾಕಿದ ಅರ್ಜಿಗೆ ಒಬ್ಬ ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬರಲೇಬೇಕಾಗುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದುಂಟು. ಗಡಿ ತಕರಾರಿಗೆ ಇದನ್ನು ಸಾಕ್ಷಿ ಮಾಡಿಕೊಳ್ಳಬೇಡಿ, ಅದಕ್ಕೆ ಸರ್ವೆಯರೇ ಬರಬೇಕು.

ಕಲ್ಲನ್ನು ಓದುವಂತೆ ಫೋಟೊ ತೆಗೆಯುವುದು

ಈ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲು, ನಾಗರಕಲ್ಲು, ಗಡಿಗಲ್ಲು ಇಲ್ಲದ ಊರು ಕಡಿಮೆ. ನಿಡಗಲ್ಲಿನಲ್ಲಿ ಚೋಳ ಮನೆತನವೊಂದು ಆಳಿತು, ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ ಒಂದೊಂದರ ಬೆಟ್ಟದ ಮೇಲೂ ಕೋಟೆ ಎದ್ದಿತು. ಅಷ್ಟು ಕದನ ನಡೆದ ಕಡೆ ವೀರಗಲ್ಲು ಇರದೆ ಇರುತ್ತದೆಯೇ? ಬಹುಪಾಲು ಕಲ್ಲುಗಳಿಗೆ ಒಂದೋ ಎಣ್ಣೆ ಅರಿಶಿನ ಮೆತ್ತಿರುತ್ತದೆ, ಇಲ್ಲವೇ ಅರ್ಧ ಹೂತಿರುತ್ತದೆ. ಈಚೆಗೆ ದೇವಸ್ಥಾನ ಜೀರ್ಣೋದ್ಧಾರದ ಹೆಸರಿನಲ್ಲಿ ಎನಾಮೆಲ್ ಪೇಂಟು ಬಳಿಯುವುದು ಬೇರೆ.

ಕೆಲಸಕ್ಕೆ ಇಳಿಯುವ ಮೊದಲು ಮನೆಯಲ್ಲೇ ಮಾಡಬೇಕಾದ್ದು ಒಂದಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ 1904ರಲ್ಲಿ ಬಂತು. ಅದು ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ಓದಬಹುದು. ತಾಲ್ಲೂಕುವಾರು ಜೋಡಿಸಿದ ಆ ಪುಸ್ತಕದಲ್ಲಿ ನಿಮ್ಮ ಊರಿನ ಹೆಸರು ಹುಡುಕಿ. ಶಾಸನ ಯಾವ ಊರಿನಲ್ಲಿ, ಯಾವ ಗುಡಿಯ ಹತ್ತಿರ, ಯಾವ ಹೊಲದಲ್ಲಿದೆ ಎಂದು ಒಂದು ಸಾಲು ಇರುತ್ತದೆ. ಆಮೇಲೆ ಆ ಜಾಗಕ್ಕೆ ಹೋಗಿ ಕಲ್ಲು ಇನ್ನೂ ಇದೆಯೇ ನೋಡಿ. ಇದ್ದರೆ ನಿಮ್ಮ ದಾಖಲೆಗೆ ನೂರಿಪ್ಪತ್ತು ವರ್ಷದ ಹಿಂದಿನ ಓದು ಜೊತೆಗೆ ಸಿಕ್ಕಿತು. ಇಲ್ಲದಿದ್ದರೆ ‘ಇಲ್ಲ’ ಎಂಬುದೂ ದಾಖಲೆಯೇ, ತಾರೀಖು ಹಾಕಿ ಬರೆದಿಡಿ.

ಇನ್ನು ಫೋಟೊ. ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಶಾಸನದ ಚಿತ್ರ ಯಾವ ಪಂಡಿತನಿಗೂ ಉಪಯೋಗವಿಲ್ಲ. ಬೆಳಕು ನೇರವಾಗಿ ಬಿದ್ದು ಅಕ್ಷರದ ಕೊರೆತದಲ್ಲಿ ನೆರಳೇ ಇರುವುದಿಲ್ಲ. ಬೆಳಗ್ಗೆ ಹೊತ್ತು ಹುಟ್ಟಿದ ಒಂದು ಗಂಟೆಯೊಳಗೆ ಅಥವಾ ಸಂಜೆ ಮುಳುಗುವ ಮೊದಲು, ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಾಗ ತೆಗೆಯಿರಿ. ಕಲ್ಲು ಉತ್ತರಕ್ಕೆ ಮುಖ ಮಾಡಿದ್ದರೆ, ಗುಡಿಯೊಳಗೆ ಇದ್ದರೆ, ಕತ್ತಲಾದ ಮೇಲೆ ಹೋಗುವುದೇ ಮೇಲು. ಒಬ್ಬರು ಫೋನನ್ನು ಕಲ್ಲಿಗೆ ಎದುರಾಗಿ, ವಾಲಿಸದೆ, ಅಲುಗದಂತೆ ಹಿಡಿಯಲಿ. ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಎಡ ಅಂಚಿಗೆ ತಂದು ಮೈಗೆ ಹೆಚ್ಚುಕಡಿಮೆ ಒತ್ತಿದಂತೆ ಹಿಡಿದು ಬೆಳಕು ಬಿಡಲಿ. ಹಗಲಿನಲ್ಲಿ ಬರೀ ಒರಟು ಬಂಡೆಯಂತೆ ಕಂಡದ್ದರಲ್ಲಿ ಸಾಲು ಸಾಲು ಅಕ್ಷರ ಎದ್ದು ನಿಲ್ಲುತ್ತವೆ. ಮೊದಲ ಸಲ ಇದನ್ನು ನೋಡಿದ ಮಕ್ಕಳು ಕಿರುಚುವುದು ಸಹಜ. ಹಾಗೇ ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಬಿಟ್ಟು ನಾಲ್ಕು ಚಿತ್ರ ತೆಗೆಯಿರಿ. ಎಡದ ಬೆಳಕಿನಲ್ಲಿ ಮುಚ್ಚಿಹೋದ ಗೀಟು ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಫೋನಿನ ಫ್ಲಾಶ್ ಮಾತ್ರ ಬೇಡ, ಅದು ಮಧ್ಯಾಹ್ನದ ಬಿಸಿಲಿನ ತಪ್ಪನ್ನೇ ಮಾಡುತ್ತದೆ.

ಅಳತೆಗೆ ಶಾಲೆಯ ಸ್ಕೇಲನ್ನು ಪಕ್ಕಕ್ಕೆ ಇಡಿ. ಇಡೀ ಕಲ್ಲಿನ ಒಂದು ಚಿತ್ರ, ಮೂರು ನಾಲ್ಕು ಸಾಲುಗಳ ಹತ್ತಿರದ ಚಿತ್ರಗಳು, ಹಿಂಭಾಗ, ಎರಡೂ ಪಕ್ಕ, ಕೊನೆಗೆ ಹತ್ತು ಹೆಜ್ಜೆ ಹಿಂದೆ ಸರಿದು ಸುತ್ತಲ ಜಾಗ ಕಾಣುವಂತೆ ಒಂದು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಕಲ್ಲನ್ನು ಯಾರಾದರೂ ಕಿತ್ತು ಬೇರೆಡೆ ಸಾಗಿಸಿದರೆ ಮೊದಲು ಎಲ್ಲಿತ್ತು ಎಂದು ಸಾಬೀತು ಮಾಡುವುದು ಈ ಚಿತ್ರವೇ.

ಶುಚಿ ಮಾಡುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ತಂತಿ ಬ್ರಶ್, ಆಸಿಡ್, ಸೋಪಿನ ಪುಡಿ, ಉಳಿ ಯಾವುದೂ ಮುಟ್ಟಕೂಡದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿದ್ದುವುದೂ ಬೇಡ, ತಿದ್ದುವವರು ತಮಗೆ ತಿಳಿದ ಅಕ್ಷರವನ್ನೇ ಬರೆದುಬಿಡುತ್ತಾರೆ. ಪೂಜೆಯಲ್ಲಿರುವ ಕಲ್ಲಾದರೆ ಪೂಜಾರಿಯವರನ್ನು ಕೇಳಿ, ಅವರೇ ನೀರು ಹಾಕಿ ಮೆದು ಬಟ್ಟೆಯಲ್ಲಿ ಒರೆಸಿಕೊಟ್ಟರೆ ತೆಗೆಯಿರಿ, ಇಲ್ಲವಾದರೆ ಇದ್ದ ಹಾಗೇ ತೆಗೆಯಿರಿ. ಹೂತಿರುವ ಭಾಗವನ್ನು ಅಗೆಯುವುದು ನಿಮ್ಮ ಕೆಲಸವಲ್ಲ. ಅಗೆದರೆ ನಿಧಿಗಳ್ಳರಿಗೂ ನಿಮಗೂ ಊರವರ ಕಣ್ಣಿನಲ್ಲಿ ವ್ಯತ್ಯಾಸ ಉಳಿಯುವುದಿಲ್ಲ, ಕಾನೂನಿನ ಕಣ್ಣಿನಲ್ಲೂ ಕಷ್ಟವೇ.

ಫೋನಿನಲ್ಲೇ ಮೂರು ಆಯಾಮದ ಪ್ರತಿ ಮಾಡುವ ಸ್ಕ್ಯಾನಿವರ್ಸ್, ಕಿರಿ ಎಂಜಿನ್, ಪಾಲಿಕ್ಯಾಮ್‌ನಂಥ ಆ್ಯಪ್‌ಗಳೂ ಇವೆ. ಮೋಡ ಮುಸುಕಿದ ದಿನ ಕಲ್ಲಿನ ಸುತ್ತ ಮೂರು ಎತ್ತರದಲ್ಲಿ ಸುತ್ತು ಹಾಕುತ್ತಾ, ಒಂದು ಚಿತ್ರದ ಮೂರನೇ ಎರಡು ಪಾಲು ಮುಂದಿನದರಲ್ಲೂ ಬರುವಂತೆ ಅರವತ್ತು ಎಂಬತ್ತು ಚಿತ್ರ ತೆಗೆದರೆ ಆ್ಯಪ್ ಜೋಡಿಸಿಕೊಡುತ್ತದೆ. ಮೂರ್ತಿ, ವೀರಗಲ್ಲಿಗೆ ಇದು ಚೆನ್ನ. ಸವೆದ ಅಕ್ಷರ ಓದುವಷ್ಟು ಸೂಕ್ಷ್ಮ ಮಾತ್ರ ಫೋನಿನಿಂದ ಬರುವುದು ಅಪರೂಪ. ಅಂಥ ಕೆಲಸವನ್ನು ದೊಡ್ಡ ಸ್ಕ್ಯಾನರ್ ಇಟ್ಟುಕೊಂಡು ಮಾಡುತ್ತಿರುವುದು ಬೆಂಗಳೂರಿನ ಮಿಥಿಕ್ ಸೊಸೈಟಿ. 1909ರಲ್ಲಿ ಶುರುವಾದ ಈ ಸಂಸ್ಥೆ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಒಂದೊಂದಾಗಿ 3ಡಿಯಲ್ಲಿ ಉಳಿಸುತ್ತಿದೆ, ಹಳೆಯ ಅಕ್ಷರ ಗುರುತಿಸಲು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ಕೊಟ್ಟಿದೆ. ಅಲ್ಲೂ ಶುರುವಾದದ್ದು ಜನರಿಂದಲೇ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ. ಊರವರು, ಶಾಸನ ಆಸಕ್ತರು ಕೂಡಿ ನಿಂತದ್ದರಿಂದ ಅದು ಮಣ್ಣಿನ ರಾಶಿ ಸೇರದೆ ಉಳಿಯಿತು.

ಗೂಗಲ್ ಲೆನ್ಸ್ ಹಿಡಿದರೆ ಹಳಗನ್ನಡ ಶಾಸನ ಓದಿಬಿಡುತ್ತದೆ ಎಂದು ನಂಬಬೇಡಿ. ಅದು ಇಂದಿನ ಅಚ್ಚಿನ ಅಕ್ಷರಕ್ಕೆ ಸರಿ. ಶಾಸನದ ಚಿತ್ರವನ್ನು ಓದಬಲ್ಲವರಿಗೆ ಕಳಿಸಿ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಜಾಗದ ಗುರುತೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಎರಡೂ ಉಳಿಯುತ್ತವೆ.

ಕೊಕ್ಕರೆ, ಕೃಷ್ಣಮೃಗ, ಚಿಂಕಾರ

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ಮನೆಗಳ ಮೇಲೆ ಹಾರಾಡುವ ಹಕ್ಕಿಗಳನ್ನು ಊರವರು ಓಡಿಸದೆ, ಹೊಡೆಯದೆ ಕಾಪಾಡಿಕೊಂಡು ಬಂದಿದ್ದಾರೆ. 1999ರಲ್ಲಿ ತುಮಕೂರಿನ ವನ್ಯಜೀವಿ ಆಸಕ್ತರ ಮೂಲಕ ಹೊರಗಿನವರಿಗೆ ಗೊತ್ತಾಗುವ ಮೊದಲೂ ಅವು ಅಲ್ಲಿದ್ದವು. ಈಗ ಬೇಕಿರುವುದು ವರ್ಷ ವರ್ಷದ ಲೆಕ್ಕ. ಅದಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ‘ಇ-ಬರ್ಡ್’ ಆ್ಯಪ್ ಇದೆ.

ಬಳಸುವುದು ಸುಲಭ. ಮರದ ಕೆಳಗೆ ನಿಂತು ‘ಸ್ಟಾರ್ಟ್’ ಒತ್ತಿ. ಹದಿನೈದು ನಿಮಿಷ ಕಂಡ, ಕೇಳಿದ ಪ್ರತಿ ಹಕ್ಕಿಯನ್ನೂ ಸಂಖ್ಯೆ ಸಮೇತ ಹಾಕುತ್ತಾ ಹೋಗಿ. ಕಾಗೆ, ಗುಬ್ಬಿ, ಪಾರಿವಾಳ ಬಿಡಬೇಡಿ. ಕೊನೆಗೆ ‘ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಹಾಕಿದ್ದೀರಾ’ ಎಂದು ಅದು ಕೇಳುತ್ತದೆ. ‘ಹೌದು’ ಎನ್ನುವ ಹಾಗಿರಬೇಕು ನಿಮ್ಮ ಪಟ್ಟಿ. ಬರೀ ಅಪರೂಪದ ಹಕ್ಕಿ ಕಂಡಾಗ ಮಾತ್ರ ಹಾಕಿದರೆ ಸಾಮಾನ್ಯ ಹಕ್ಕಿ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ. ಅದೇ ಜಾಗ, ಅದೇ ಹೊತ್ತು, ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಐದು ವರ್ಷದಲ್ಲಿ ಕಗ್ಗಲಡುವಿನ ಕೊಕ್ಕರೆ ಕಥೆ ಅಂಕಿಯಲ್ಲಿ ನಿಲ್ಲುತ್ತದೆ. ಇಂಥ ಪಟ್ಟಿಗಳಿಗೆ ಬೆಲೆ ಇದೆಯೇ ಎಂದು ಸಂಶಯವಿದ್ದವರು 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನೋಡಬೇಕು. ಸುಮಾರು 30,000 ಹವ್ಯಾಸಿಗಳು ಹಾಕಿದ 3 ಕೋಟಿ ನಮೂದುಗಳ ಮೇಲೆ 942 ಜಾತಿಯ ಹಕ್ಕಿಗಳ ಸ್ಥಿತಿಗತಿ ಅದರಲ್ಲಿ ಅಳೆಯಲಾಗಿದೆ.

ಹೆಸರು ಗೊತ್ತಿಲ್ಲದ ಹಕ್ಕಿಗೆ ಅದೇ ಪ್ರಯೋಗಾಲಯದ ‘ಮರ್ಲಿನ್’ ಇದೆ, ಕೂಗು ಕೇಳಿಸಿದರೂ ಹೆಸರು ಹೇಳುತ್ತದೆ. ಅದು ಹೇಳಿದ್ದೆಲ್ಲ ನಿಜವಲ್ಲ. ನೀವೇ ನೋಡಿ ಅಥವಾ ಕೇಳಿ ಖಾತ್ರಿ ಮಾಡಿಕೊಂಡದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ. ಗಿಡ, ಚಿಟ್ಟೆ, ಹಾವು, ಜೇಡಕ್ಕೆ ‘ಐನ್ಯಾಚುರಲಿಸ್ಟ್’. ಕೊರಟಗೆರೆಯ ಸಿದ್ಧರಬೆಟ್ಟ ಔಷಧಿ ಗಿಡಗಳಿಗೆ ಹೆಸರಾದದ್ದು. ಅಲ್ಲಿನ ನಾಟಿ ವೈದ್ಯರು ಬಳಸುವ ಗಿಡಗಳ ಎಲೆ, ಹೂ, ಕಾಯಿ, ತೊಗಟೆ ನಾಲ್ಕನ್ನೂ ತೆಗೆದು ಹಾಕಿದರೆ ಸಸ್ಯಶಾಸ್ತ್ರ ಬಲ್ಲವರು ಹೆಸರು ಖಚಿತಪಡಿಸುತ್ತಾರೆ. ಗಿಡದ ಊರ ಹೆಸರನ್ನು ಟಿಪ್ಪಣಿಯಲ್ಲಿ ಕನ್ನಡದಲ್ಲೇ ಬರೆಯಿರಿ. ಯಾವ ಕಾಯಿಲೆಗೆ ಎಂಬ ಗುಟ್ಟನ್ನು ವೈದ್ಯರ ಒಪ್ಪಿಗೆ ಇಲ್ಲದೆ ಬರೆಯಬೇಡಿ. ಅದು ಅವರ ಮನೆತನದ ಸೊತ್ತು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಸುಮಾರು 800 ಎಕರೆಯ ಹುಲ್ಲುಗಾವಲು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರ ಎಂಬ ಹುಲ್ಲೆ ಇರುವುದನ್ನು ಮೊದಲು ಲೋಕಕ್ಕೆ ತೋರಿಸಿದ್ದು ಸಂಶೋಧಕರು ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳು. 2019ರಲ್ಲಿ 136 ಚದರ ಕಿಲೋಮೀಟರ್ ಜಾಗ ಚಿಂಕಾರ ವನ್ಯಧಾಮವಾಯಿತು. ಒಂದು ಚಿತ್ರದಿಂದ ಒಂದು ಕಾಡಿಗೆ ರಕ್ಷಣೆ ಸಿಗುವ ಸಾಧ್ಯತೆಗೆ ನಮ್ಮ ಪಕ್ಕದಲ್ಲೇ ಇರುವ ನಿದರ್ಶನ ಇದು. ಇವೆರಡೂ ಕಡೆ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ರೀಲ್ಸ್ ಮಾಡುವುದು, ಅನುಮತಿ ಇಲ್ಲದೆ ಡ್ರೋನ್ ಹಾರಿಸುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧವಾಗುತ್ತದೆ.

ಹಾಡು

ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ ಎಂಬ ಕೊಳಲು ಊದುತ್ತಾ ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವವರು ಶಿರಾ, ಪಾವಗಡ, ಚಳ್ಳಕೆರೆ ಸೀಮೆಯಲ್ಲಿ ಇನ್ನೂ ಇದ್ದಾರೆ. ಸೋಬಾನೆ, ಬೀಸುವ ಪದ, ಮಳೆ ಕರೆಯುವ ಹಾಡು ಬಲ್ಲ ಅಜ್ಜಿಯರಿದ್ದಾರೆ. ಫೋನಿನ ಧ್ವನಿ ಮುದ್ರಣ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ವೇವ್’ ಅಥವಾ ಅತ್ಯುತ್ತಮ ಗುಣಮಟ್ಟ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹಾಡಿನ ನಡುವೆ ಕರೆ ಬಂದರೆ ಮುದ್ರಣ ನಿಂತುಹೋಗುತ್ತದೆ, ಅಜ್ಜಿಯೂ ನಿಲ್ಲಿಸುತ್ತಾರೆ. ಫೋನು ಬಾಯಿಂದ ಒಂದು ಮೊಳ ದೂರದಲ್ಲಿ, ಕೈಯಲ್ಲಿ ಹಿಡಿಯದೆ ಮಡಿಚಿದ ಟವೆಲ್ಲಿನ ಮೇಲಿರಲಿ. ಫ್ಯಾನು ನಿಲ್ಲಿಸಿ. ಮೊದಲಿಗೆ ನೀವೇ ತಾರೀಖು, ಊರು, ಹಾಡುವವರ ಹೆಸರು, ಯಾರಿಂದ ಕಲಿತರು ಎಂಬುದನ್ನು ಹೇಳಿ ಮುದ್ರಿಸಿ. ಇದನ್ನು ಯಾರು ಕೇಳಬಹುದು, ಹೊರಗೆ ಹಾಕಬಹುದೇ ಎಂದು ಕೇಳಿ, ಅವರ ಉತ್ತರವೂ ಅದೇ ಮುದ್ರಣದಲ್ಲಿ ಇರಲಿ. ಕೆಲವು ಪದಗಳನ್ನು ಹಬ್ಬ, ಜಾತ್ರೆ, ಸೂತಕದ ಹೊತ್ತಿಗೆ ಬಿಟ್ಟು ಹಾಡಬಾರದೆಂಬ ಕಟ್ಟಳೆ ಇರುತ್ತದೆ. ಒತ್ತಾಯ ಮಾಡಬೇಡಿ. ಹಾಡಿದವರಿಗೆ ಒಂದು ಪ್ರತಿಯನ್ನು ಅವರ ಮೊಮ್ಮಕ್ಕಳ ಫೋನಿಗೆ ಆ ದಿನವೇ ಹಾಕಿಕೊಟ್ಟು ಬನ್ನಿ. ಸಂಶೋಧಕರು ಬಂದು ಹಾಡಿಸಿಕೊಂಡು ಹೋದರು, ಆಮೇಲೆ ಮುಖ ತೋರಿಸಲಿಲ್ಲ ಎಂಬ ದೂರು ಹಟ್ಟಿಗಳಲ್ಲಿ ಬಹಳ ಹಳೆಯದು.

ಎಲ್ಲಿ ಹಾಕಬೇಕು, ಏನನ್ನು ಮುಚ್ಚಿಡಬೇಕು

ನಕ್ಷತ್ರ ಆಮೆ, ಎರಡು ತಲೆ ಹಾವು ಎಂದು ಮಾರುವ ಮಣ್ಣುಮುಕ್ಕ ಹಾವು, ಕಾಡುಪಾಪ, ಈ ಮೂರೂ ಕಳ್ಳಸಾಗಣೆಗೆ, ಮಾಟ ಮಂತ್ರಕ್ಕೆ ಬಲಿಯಾಗುತ್ತಿರುವ ಪ್ರಾಣಿಗಳು. ಐನ್ಯಾಚುರಲಿಸ್ಟ್‌ನಲ್ಲಿ ಅಳಿವಿನಂಚಿನ ಹಲವು ಜೀವಿಗಳ ಜಾಗವನ್ನು ಆ್ಯಪ್ ತಾನಾಗಿ ಮರೆಮಾಡುತ್ತದೆ. ಆದರೂ ‘ಜಿಯೋಪ್ರೈವೆಸಿ’ಯಲ್ಲಿ ‘ಅಬ್‌ಸ್ಕ್ಯೂರ್ಡ್’ ಎಂಬುದನ್ನು ನೀವೇ ಆರಿಸಿ. ಆಗ ಸುಮಾರು ಇಪ್ಪತ್ತು ಕಿಲೋಮೀಟರಿನ ಚೌಕದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ಹೊರಗಿನವರಿಗೆ ಕಾಣುತ್ತದೆ. ರಣಹದ್ದು, ಗೂಬೆಯ ಗೂಡಿನ ಫೋಟೊ ಎಲ್ಲೂ ಹಾಕಬೇಡಿ.

ಒಂಟಿ ಗುಡಿ, ವೀರಗಲ್ಲು, ಹಾಳು ಬಿದ್ದ ಕಲ್ಯಾಣಿಗೂ ಇದೇ ನೀತಿ. ಫೋನಿನ ಕ್ಯಾಮೆರಾದಲ್ಲಿ ಜಾಗದ ಗುರುತು ಆನ್ ಇರಲಿ. ಮೂಲ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಪುರಾತತ್ವ ಇಲಾಖೆಗೆ ಕೊಡಿ. ಹೊರಗೆ ಹಾಕುವ ಪ್ರತಿಯಿಂದ ಜಾಗದ ಗುರುತು ತೆಗೆದುಹಾಕಿ, ಊರಿನ ಹೆಸರಿನ ಬದಲು ತಾಲ್ಲೂಕಿನ ಹೆಸರು ಬರೆಯಿರಿ.

ಪ್ರಚಾರ ಬೇಕಾದವಕ್ಕೆ ಜಾಗಗಳು ಹಲವು. ಮಧುಗಿರಿ ಕೋಟೆಯ ದ್ವಾರಗಳು, ಶಿರಾದ ಕೋಟೆ, ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯ ದೇವಾಲಯ ಇಂಥವುಗಳ ಒಳ್ಳೆಯ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್ ಆ್ಯಪ್ ಮೂಲಕ ಮುಕ್ತ ಪರವಾನಗಿಯಲ್ಲಿ ಹಾಕಿ, ಕನ್ನಡದಲ್ಲಿ ವಿವರ ಬರೆಯಿರಿ. ಕನ್ನಡ ವಿಕಿಪೀಡಿಯಾದ ಲೇಖನಕ್ಕೆ ಅದೇ ಚಿತ್ರ ಸೇರಿಸಬಹುದು, ಲೇಖನದ ಕೊಂಡಿಯನ್ನು ಕ್ಯೂಆರ್ ಕೋಡ್ ಮಾಡಿ ಶಾಲೆಯ ಗೋಡೆಗೆ, ಬಸ್ ಸ್ಟ್ಯಾಂಡಿಗೆ ಅಂಟಿಸಬಹುದು. ಸ್ಮಾರಕದ ಗೋಡೆಗೆ ಮಾತ್ರ ಅಂಟಿಸಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆರೆ, ಬೆಟ್ಟ, ದಾರಿಗಳ ಹೆಸರನ್ನು ಕನ್ನಡದಲ್ಲಿ ಹಾಕಿದರೆ ‘ಆರ್ಗ್ಯಾನಿಕ್ ಮ್ಯಾಪ್ಸ್’ ಬಳಸುವವರಿಗೆ ನೆಟ್‌ವರ್ಕ್ ಇಲ್ಲದ ಬೆಟ್ಟದ ಮೇಲೂ ಅವು ಕಾಣುತ್ತವೆ. ಚನ್ನರಾಯನದುರ್ಗ ಹತ್ತುವವರಿಗೆ ಇದು ಬಹಳ ಅನುಕೂಲ.

ಕೇಂದ್ರ ಸಂಸ್ಕೃತಿ ಇಲಾಖೆ 2023ರ ಜುಲೈನಲ್ಲಿ ತೆರೆದ ‘ಮೇರಾ ಗಾಂವ್ ಮೇರಿ ಧರೋಹರ್’ ತಾಣದಲ್ಲಿ ದೇಶದ ಹಳ್ಳಿಗಳಿಗೆ ಒಂದೊಂದು ಪುಟ ಮಾಡುವ ಯೋಜನೆ ಇದೆ. ನಿಮ್ಮ ಊರಿನ ಪುಟ ತೆರೆದು ಸರಿಯಿದೆಯೇ ನೋಡಿ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಇರಬೇಕು. ಪಿಡಿಒ ಅವರನ್ನು ಕೇಳಿ ಅದನ್ನು ಓದಿ. ಬಿಟ್ಟುಹೋದ ಗಿಡ, ಮರ, ಹಕ್ಕಿ, ದೇವರ ಬನಗಳನ್ನು ಸೇರಿಸಲು ನಿಮ್ಮ ಫೋನಿನ ದಾಖಲೆಗಿಂತ ಒಳ್ಳೆಯ ಆಧಾರ ಬೇರೆ ಬೇಕಿಲ್ಲ.

ಕಡತಕ್ಕೆ ಹೆಸರಿಡುವಾಗ ಊರು, ವಸ್ತು, ಜಾಗ, ತಾರೀಖು ಈ ಕ್ರಮ ಬಿಡಬೇಡಿ. ‘ಐಎಂಜಿ 20250114’ ಎಂಬ ಹೆಸರಿನ ಫೋಟೊ ಎರಡು ವರ್ಷದ ನಂತರ ತೆಗೆದವರಿಗೇ ಗುರುತು ಸಿಗುವುದಿಲ್ಲ. ಒಂದು ಪ್ರತಿ ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಇರಲಿ.

ಅಪಾಯ ಕಂಡಾಗ

ರಾತ್ರಿ ಗುಡಿಯ ಹತ್ತಿರ ಅಗೆಯುವುದು ಕಂಡರೆ ಹತ್ತಿರ ಹೋಗಿ ವಿಡಿಯೊ ಮಾಡುವ ಸಾಹಸ ಬೇಡ, 112ಕ್ಕೆ ಕರೆ ಮಾಡಿ. ಬೇಟೆ, ಕಾಡಿನ ಬೆಂಕಿ, ಪ್ರಾಣಿ ಸಾಗಣೆಗೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಕೆರೆ ಒತ್ತುವರಿ, ಗುಂಡುತೋಪು ಕಡಿತ, ಕಲ್ಲು ಒಡೆಯುವುದಕ್ಕೆ ತಹಶೀಲ್ದಾರ್, ಪಿಡಿಒ ಇಬ್ಬರಿಗೂ ಬರೆದು ಕೊಡಿ. ಉತ್ತರ ಬಾರದಿದ್ದರೆ ರಾಜ್ಯದ ಕುಂದುಕೊರತೆ ಸಹಾಯವಾಣಿ 1902. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕವಾದರೆ ಅದರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ದೂರು ಇಲಾಖೆಯ ಬೆಂಗಳೂರು ವೃತ್ತಕ್ಕೆ ಹೋಗಬೇಕು. ರಾಜ್ಯ ಸಂರಕ್ಷಿತ ಸ್ಮಾರಕವಾದರೆ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ. ಅರ್ಜಿಯ ಜೊತೆ ಮೊದಲಿನ ಫೋಟೊ, ಈಗಿನ ಫೋಟೊ, ಸರ್ವೆ ನಂಬರು, ಅಕ್ಷಾಂಶ ರೇಖಾಂಶ ಇಡಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಬರಬೇಡಿ.

ಈ ನಾಲ್ಕು ತಾಲ್ಲೂಕಿನ ಹೈಸ್ಕೂಲು ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಮನವಿ. ಒಂಬತ್ತನೇ ತರಗತಿಯ ಮಕ್ಕಳಿಗೆ ದಸರಾ ರಜೆಯ ಪ್ರಾಜೆಕ್ಟಾಗಿ ಇಂಟರ್ನೆಟ್ಟಿನಿಂದ ಚಿತ್ರ ಕತ್ತರಿಸಿ ಅಂಟಿಸುವುದನ್ನು ಕೊಡುವ ಬದಲು, ತಂತಮ್ಮ ಊರಿನ ಒಂದು ಕಲ್ಲು, ಒಂದು ಮರ, ಒಂದು ಹಾಡು, ಹತ್ತು ಹೊಲದ ಹೆಸರು ದಾಖಲಿಸಿ ತರಲು ಹೇಳಿ. ಬಂದದ್ದನ್ನು ನೀವು ಒಮ್ಮೆ ತಿದ್ದಿ ಅರಿವು ಕೇಂದ್ರಕ್ಕೆ ಕೊಡಿ.